ಹಳೇ ಕಾಂಪ್ಲೆಕ್ಸ್‌ಗೆ ಹೊಸ ಎಲಿವೇಶನ್: ಎಸಿಪಿ, ಗಾಜು, ಕಲ್ಲು, ಬಣ್ಣ – ಯಾವ ಗೋಡೆಗೆ ಯಾವುದು?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಮನೆಯವರದ್ದೊಂದು ಕಾಂಪ್ಲೆಕ್ಸ್ ಇದೆ. ನೆಲಮಹಡಿ ಬಿಟ್ಟು ಮೇಲೆ ಮೂರು ಮಹಡಿ. ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಬೇಕರಿ ಮತ್ತು ಮೊಬೈಲ್ ಅಂಗಡಿ, ಮೇಲೆ ಒಂದು ಕ್ಲಿನಿಕ್, ಅದರ ಮೇಲೆ ಟ್ಯೂಶನ್ ಸೆಂಟರ್, ಕೊನೆಯ ಮಹಡಿ ಖಾಲಿ. ಎದುರಿನ ಕಟ್ಟಡ ಪಳಪಳ ಹೊಳೆಯುವ ಶೀಟ್ ಹೊದ್ದು ನಿಂತ ದಿನದಿಂದ ಚಿಕ್ಕಪ್ಪನಿಗೆ ನಿದ್ದೆ ಇಲ್ಲ. "ನಮ್ದೂ ಎಲಿವೇಶನ್ ಮಾಡಿಸ್ಬೇಕಪ್ಪ, ಇಲ್ದಿದ್ರೆ ಮೇಲಿನ ಮಹಡಿ ಖಾಲಿನೇ ಇರುತ್ತೆ" ಅಂತ ದಿನಾ ಒಂದೇ ರಾಗ. ಎಲಿವೇಶನ್ ಅಂದರೆ ಕಟ್ಟಡದ ಹೊರಮುಖಕ್ಕೆ ಹೊಸ ರೂಪ ಕೊಡುವುದು.

ಮೂರು ಕೊಟೇಶನ್ ತರಿಸಿದೆವು. ಒಬ್ಬರು ಪೂರ್ತಿ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಶೀಟ್) ಅಂದರು, ಇನ್ನೊಬ್ಬರು ಪೂರ್ತಿ ಗಾಜು, ಮತ್ತೊಬ್ಬರು ಗ್ರಾನೈಟ್. ಮೂವರೂ ಬಣ್ಣಬಣ್ಣದ ತ್ರೀಡಿ ಚಿತ್ರ ಕೊಟ್ಟರು. ಮೂರರಲ್ಲೂ ಆಕಾಶ ನೀಲಿ, ಮುಂದೆ ದುಬಾರಿ ಕಾರು, ಕರೆಂಟ್ ತಂತಿ ಮಾತ್ರ ಎಲ್ಲೂ ಇಲ್ಲ. ಇನ್ನೊಂದು ವಿಷಯವೂ ಮೂರರಲ್ಲಿ ಇರಲಿಲ್ಲ. ಕ್ಲಿನಿಕ್‌ನ ಗೋಡೆ ಪ್ರತಿ ಮಳೆಗಾಲ ಯಾಕೆ ಒದ್ದೆಯಾಗುತ್ತದೆ ಅನ್ನೋದು.

ಒಂದು ವರ್ಷ ಅಲೆದು, ಹತ್ತಾರು ಕಟ್ಟಡ ನೋಡಿ, ಕೆಲಸ ಮುಗಿಸಿ ಈಗ ಬರೆಯುತ್ತಿದ್ದೇನೆ. ನಾನು ಆರ್ಕಿಟೆಕ್ಟ್ ಅಲ್ಲ, ಟೇಪ್ ಹಿಡಿದು ಸಾರುವೆ ಹತ್ತಿ ಇಳಿದ ಮಾಲೀಕರ ಮನೆಯವನು. ಇಲ್ಲಿ ಬರೆದದ್ದು ಮೂರು-ನಾಲ್ಕು ಮಹಡಿಯ ಕಟ್ಟಡಗಳಿಗೆ. ಹತ್ತು ಮಹಡಿ ಇದ್ದರೆ ಆ ಕೆಲಸಕ್ಕೇ ಇರುವ ಎಂಜಿನಿಯರ್ ಬೇಕು, ಬೇರೆ ದಾರಿ ಇಲ್ಲ.

ಶೀಟ್ ಬಿಚ್ಚಿದಾಗ ಕಂಡದ್ದು

ನಮ್ಮ ಪರಿಚಯದವರೊಬ್ಬರು ಏಳೆಂಟು ವರ್ಷದ ಹಿಂದೆ ಎಸಿಪಿ ಹಾಕಿಸಿದ್ದರು. ಮಹಡಿಯ ಒಳಗೋಡೆಯಲ್ಲಿ ತೇವ ಬರುವುದು ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಎರಡು ಶೀಟ್ ಬಿಚ್ಚಿಸಿದರು. ಆ ದಿನ ನಾನೂ ಹೋಗಿದ್ದೆ. ಬಿಚ್ಚಿದ ಕೂಡಲೇ ಮುಖಕ್ಕೆ ಹೊಡೆದದ್ದು ಪಾರಿವಾಳದ ವಾಸನೆ. ಒಳಗೆ ಗೂಡು, ಹಿಕ್ಕೆ, ಒಣಹುಲ್ಲು. ಅದರ ಪಕ್ಕದಲ್ಲೇ ಬೋರ್ಡಿನ ಲೈಟಿಗೆ ಎಳೆದ ವೈರು, ಜಾಯಿಂಟಿಗೆ ಟೇಪ್ ಸುತ್ತಿದ್ದು ಬಿಸಿಲಿಗೆ ಬಿಟ್ಟುಕೊಂಡಿತ್ತು. ಕಬ್ಬಿಣದ ಟ್ಯೂಬುಗಳ ಕೆಳತುದಿ ತುಕ್ಕು ಹಿಡಿದು, ಮುಟ್ಟಿದರೆ ಉದುರುತ್ತಿತ್ತು. ಗೋಡೆಯ ಹಳೇ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು, ಹಿಂದೆ ಪಾಚಿ. ಮೇಲೆ ತಳುಕು ಒಳಗೆ ಹುಳುಕು ಅನ್ನೋದನ್ನು ಅಷ್ಟು ಹತ್ತಿರದಿಂದ ನಾನು ಮೊದಲು ನೋಡಿರಲಿಲ್ಲ.

ಅವರ ಗೋಡೆಗೆ ನೀರು ಬರುತ್ತಿದ್ದದ್ದು ಪ್ಯಾರಾಪೆಟ್ ತಲೆಯಿಂದ. ಅದಕ್ಕೆ ಒಂದು ಕಡೆ ಇಳಿಜಾರು ಕೊಟ್ಟು ಗಾರೆ ಮಾಡಿಸಿದ್ದರೆ ಮುಗಿಯುತ್ತಿತ್ತು. ಶೀಟ್ ಹಾಕಿದ್ದರಿಂದ ಸೋರಿಕೆ ನಿಲ್ಲಲಿಲ್ಲ. ಕಣ್ಣಿಗೆ ಕಾಣಿಸದೆ ಹೋಯಿತು, ಅಷ್ಟೇ. ಬಿಸಿಲು ಗಾಳಿ ತಾಗದೆ ಗೋಡೆ ಒಣಗುವುದೂ ನಿಂತುಹೋಯಿತು.

ಹಾಗಾಗಿ ಯಾವ ವಸ್ತು ಅನ್ನೋ ಮಾತಿಗೆ ಮೊದಲು ಒಂದು ಭಾನುವಾರ ಗೋಡೆಗೆ ಕೊಡಿ. ಮರದ ಹಿಡಿಯಿಂದ ಗಾರೆ ಮೇಲೆ ಬಡಿಯುತ್ತಾ ಹೋಗಿ, ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪ್ಯಾರಾಪೆಟ್ ತಲೆ, ಸಜ್ಜ ಗೋಡೆಗೆ ಸೇರುವ ಮೂಲೆ, ಕಿಟಕಿಯ ಕೆಳಗಿನ ಅಂಚು, ನೀರಿನ ಪೈಪ್ ಗೋಡೆ ತೂರುವ ಜಾಗ, ಈ ನಾಲ್ಕು ಕಡೆ ಪೈಪಿನಿಂದ ಒಂದೊಂದಾಗಿ ನೀರು ಬಿಟ್ಟು, ಒಳಗೆ ಒಬ್ಬರನ್ನು ನಿಲ್ಲಿಸಿ. ನಮ್ಮಲ್ಲಿ ಕ್ಲಿನಿಕ್‌ನ ತೇವಕ್ಕೆ ಕಾರಣ ಸಿಕ್ಕಿದ್ದು ಹೀಗೆ. ಸಜ್ಜದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಉದ್ದಕ್ಕೆ ಕೊರೆದ ಗೀರೇ ಇರಲಿಲ್ಲ. ನೀರು ಸಜ್ಜದ ಹೊಟ್ಟೆಯನ್ನೇ ಹಿಡಿದು ಗೋಡೆಗೆ ಹೋಗುತ್ತಿತ್ತು. ಮೇಸ್ತ್ರಿ ಒಂದು ದಿನದಲ್ಲಿ ಸರಿ ಮಾಡಿದರು. ಮೂವತ್ತು ವರ್ಷದ ಕಾಯಿಲೆ!

ತೂಕದ ಲೆಕ್ಕ ಯಾರೂ ಹೇಳಲ್ಲ

ನಮ್ಮ ಮುಂಭಾಗದಲ್ಲಿ ಕಿಟಕಿ, ಶಟರ್ ಕಳೆದರೆ ಸುಮಾರು 1,200 ಚದರ ಅಡಿ ಗೋಡೆ. ಅದರ ಮೇಲೆ ಏನು ನೇತುಹಾಕುತ್ತೇವೆ ಅನ್ನೋದನ್ನು ಕಿಲೋ ಲೆಕ್ಕದಲ್ಲಿ ನೋಡಿ. 4 ಎಂಎಂ ಎಸಿಪಿ ಚದರ ಅಡಿಗೆ ಅರ್ಧ ಕಿಲೋ ಆಸುಪಾಸು. ಅಂದರೆ ಫ್ರೇಮ್ ಬಿಟ್ಟು 600 ಕಿಲೋ. 6 ಎಂಎಂನ ಎರಡು ಗಾಜು, ನಡುವೆ ಗಾಳಿಯ ಜಾಗ ಇರುವ ಡಬಲ್ ಗ್ಲಾಸ್ ಆದರೆ ಚದರ ಅಡಿಗೆ 2.8 ಕಿಲೋ, ಒಟ್ಟು ಮೂರು ಟನ್ ದಾಟುತ್ತದೆ. 20 ಎಂಎಂ ಗ್ರಾನೈಟ್ ಚದರ ಅಡಿಗೆ ಐದು ಕಿಲೋ. ಒಟ್ಟು ಆರು ಟನ್.

ಬಣ್ಣಕ್ಕೆ ಈ ಲೆಕ್ಕವೇ ಬೇಡ.

ಆರು ಟನ್ ಹೊರುವ ಶಕ್ತಿ ಹಳೇ ಕಟ್ಟಡಕ್ಕೆ ಇದೆಯಾ ಅಂತ ಫ್ರೇಮ್ ಕಟ್ಟಿ ಶೀಟ್ ಕೂರಿಸುವ ಫ್ಯಾಬ್ರಿಕೇಟರ್‌ನ ಕೇಳಿದರೆ "ಆಗುತ್ತೆ ಸಾರ್, ಏನೂ ಆಗಲ್ಲ" ಅಂತಾನೆ. ಅವನು ಹೇಳಬೇಕಾದ ಮಾತಲ್ಲ ಅದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಫೀಸು ಕೊಟ್ಟು ಕೇಳಿ. ತೂಕದಷ್ಟೇ ಮುಖ್ಯ, ಬೋಲ್ಟ್ ಎಲ್ಲಿ ಹೂಡುತ್ತಾರೆ ಅನ್ನೋದು. ಹಿಡಿತ ಸಿಗುವುದು ಕಾಂಕ್ರೀಟ್ ಬೀಮ್ ಮತ್ತು ಪಿಲ್ಲರ್‌ನಲ್ಲಿ. ಪೊಳ್ಳು ಬ್ಲಾಕಿನ ಗೋಡೆಗೆ ಹೊಡೆದ ಬೋಲ್ಟ್ ಮೊದಲ ದಿನ ಗಟ್ಟಿಯಾಗೇ ಕಾಣುತ್ತದೆ. ಗಾಳಿ ನಾಲ್ಕು ವರ್ಷ ಅಲುಗಾಡಿಸಿದ ಮೇಲೆ ಗೊತ್ತಾಗುವುದು.

ಎಸಿಪಿ: ನೋಡಲು ಒಂದೇ, ಒಳಗೆ ಬೇರೆ ಬೇರೆ

ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಒಂದು ಪದರ. ಇಷ್ಟೇ ಎಸಿಪಿ. ಹಗುರ, ಬೇಗ ಆಗುತ್ತದೆ, ಅಂಗಡಿ ಮುಚ್ಚಬೇಕಿಲ್ಲ, ಹಳೇ ಗೋಡೆಯ ಅಂಕುಡೊಂಕು ಎಲ್ಲ ಮುಚ್ಚಿಹೋಗುತ್ತದೆ. ಊರೂರಲ್ಲಿ ಇದೇ ಕಾಣುವುದಕ್ಕೆ ಕಾರಣ ಇದು. ನನಗೆ ಎಸಿಪಿ ಮೇಲೆ ಸಿಟ್ಟೇನಿಲ್ಲ. ಕಣ್ಣು ಮುಚ್ಚಿ ತಗೊಳ್ಳೋದರ ಮೇಲೆ ಸಿಟ್ಟು.

ಮೊದಲ ಪ್ರಶ್ನೆ ನಡುವಿನ ಪದರದ್ದು. ಅಗ್ಗದ ಶೀಟಿನಲ್ಲಿ ಅದು ಪಾಲಿಥೀನ್, ಅಂದರೆ ಪ್ಲಾಸ್ಟಿಕ್. ಎಫ್‌ಆರ್ ದರ್ಜೆಯಲ್ಲಿ ಬೆಂಕಿ ತಡೆಯುವ ಖನಿಜದ ಪುಡಿ ಬೆರೆತಿರುತ್ತದೆ. ಎ2 ದರ್ಜೆಯಲ್ಲಿ ಖನಿಜವೇ ಹೆಚ್ಚು, ಉರಿಯುವ ಭಾಗ ತೀರಾ ಕಡಿಮೆ. ಹೊರಗಿನಿಂದ ಮೂರೂ ಒಂದೇ ತರ. ನಮ್ಮ ಫ್ಯಾಬ್ರಿಕೇಟರ್ ತಂದ ಎರಡು ಸ್ಯಾಂಪಲ್ ತುಂಡನ್ನು ಬಯಲಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಅಂಚಿಗೆ ಲೈಟರ್ ಹಿಡಿದು ನೋಡಿದೆವು. ಒಂದರ ನಡುವಿನ ಪದರ ಕರಗಿ, ಮೇಣದ ಬತ್ತಿಯ ವಾಸನೆ ಬಂತು, ಉರಿಯುವ ಹನಿಗಳು ತೊಟ್ಟಿಕ್ಕಿದವು. ಇನ್ನೊಂದು ಕಪ್ಪಾಯಿತು, ಲೈಟರ್ ತೆಗೆದರೆ ಆರಿತು. ಗೋಡೆಗೆಲ್ಲ ಎಸಿಪಿ ಅನ್ನುವ ಮಾತನ್ನು ಚಿಕ್ಕಪ್ಪ ಆವತ್ತೇ ನಿಲ್ಲಿಸಿದರು. ಇದು ಲ್ಯಾಬ್ ಪರೀಕ್ಷೆ ಅಲ್ಲ, ಟೆಸ್ಟ್ ಸರ್ಟಿಫಿಕೇಟ್ ಕೇಳಲೇಬೇಕು. ಆದರೆ ಮೋಸ ಹಿಡಿಯಲು ಇದೂ ಸಾಕು.

ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿರಬಹುದು. 24 ಮಹಡಿಯ ಹಳೇ ಕಟ್ಟಡ. 2016ರಲ್ಲಿ ನವೀಕರಣ ಮುಗಿಸಿ ಹೊಸ ಹೊದಿಕೆ ಹಾಕಿದ್ದರು, ಪಾಲಿಥೀನ್ ಪದರದ ಅಲ್ಯೂಮಿನಿಯಂ ಶೀಟ್. 2017ರ ಜೂನ್ 14ರಂದು ಒಂದು ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಹೊರಗಿನ ಶೀಟ್ ಹಿಡಿದು ತುದಿವರೆಗೆ ಏರಿತು. 72 ಜನ ಹೋದರು. ನಮ್ಮದು ನಾಲ್ಕೇ ಅಂತಸ್ತು, ನಿಜ. ಆದರೆ ಕೆಳಗೆ ಬೇಕರಿ ಒಲೆ ಇದೆ, ಮೇಲೆ ಟ್ಯೂಶನ್ ಮಕ್ಕಳಿದ್ದಾರೆ, ಮೆಟ್ಟಿಲು ಒಂದೇ. ಶೀಟಿಗೂ ಗೋಡೆಗೂ ನಡುವೆ ಇರುವ ಖಾಲಿ ಜಾಗ ಬೆಂಕಿಗೆ ಚಿಮಣಿ ಇದ್ದಂತೆ. ಪ್ರತಿ ಮಹಡಿಯ ಮಟ್ಟದಲ್ಲಿ ಅದಕ್ಕೆ ಅಡ್ಡ ತಡೆ ಹಾಕಿಸಿ ಅಂತ ಕೊಟೇಶನ್‌ನಲ್ಲೇ ಬರೆಸಿ.

ಎರಡನೆಯದು ಬಣ್ಣದ ಲೇಪ. ಹೊರಗೋಡೆಗೆ ಪಿವಿಡಿಎಫ್ ಅನ್ನುವ, ಬಿಸಿಲು ತಾಳುವ ಲೇಪದ ಶೀಟೇ ಬೇಕು. ಪಾಲಿಯೆಸ್ಟರ್ ಲೇಪದ್ದು ಒಳಗಿನ ಕೆಲಸಕ್ಕೆ, ಸಣ್ಣ ಬೋರ್ಡಿಗೆ. ಬಿಸಿಲಿಗೆ ಅದರ ಬಣ್ಣ ಬೇಗ ಮಾಸುತ್ತದೆ. ಶೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ಬಾಣದ ಗುರುತು ಇರುತ್ತದೆ, ಗಮನಿಸಿ. ಎಲ್ಲ ಶೀಟಿನ ಬಾಣವೂ ಒಂದೇ ದಿಕ್ಕಿಗೆ ಇರಬೇಕು. ತುಂಡು ಉಳಿಸೋಕೆ ಅಂತ ಒಂದನ್ನು ತಿರುಗಿಸಿ ಹಾಕಿದರೆ, ಅದೂ ಮೆಟಾಲಿಕ್ ಬಣ್ಣವಾದರೆ, ಸಂಜೆ ಬಿಸಿಲಿಗೆ ಆ ಒಂದು ಶೀಟ್ ಮಾತ್ರ ಬೇರೆ ಬಣ್ಣ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದೇ ಕಾಣುವುದು. ಆ ಪ್ಲಾಸ್ಟಿಕ್ ಹಾಳೆಯನ್ನೂ ಕೆಲಸ ಮುಗಿದ ಕೂಡಲೇ ಕೀಳಿಸಿ. ಬಿಸಿಲಲ್ಲಿ ಬಿಟ್ಟರೆ ಅಂಟು ಬೆಂದು ಶೀಟಿಗೇ ಹತ್ತಿಕೊಳ್ಳುತ್ತದೆ.

ಮೂರನೆಯದು ಸಂದು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವ ಲೋಹ. ಎಂಟು ಅಡಿಯ ಶೀಟು 40 ಡಿಗ್ರಿ ಹೆಚ್ಚು ಕಾದರೆ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಉದ್ದವಾಗುತ್ತದೆ. ಬೆಳಗಿನ ಜಾವದ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಈ ಆಟ ದಿನವೂ ನಡೆಯುತ್ತದೆ. ಅದಕ್ಕೇ ಸಂದು ಬಿಟ್ಟು ಸಿಲಿಕೋನ್ ತುಂಬುವುದು. ಆ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬಂದರೆ ಕೆಲಸ ನಿಲ್ಲಿಸಿ. ಅದು ಕಿಚನ್ ಸಿಂಕಿಗೆ ಹಾಕುವ ಅಗ್ಗದ ಜಾತಿ, ಲೋಹ ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ಬೇಕು, ಸಂದಿನ ಹಿಂದೆ ಫೋಮಿನ ಹಗ್ಗ ತುರುಕಿರಬೇಕು. ಎಸಿಪಿ ಸೋರುವುದು ಶೀಟಿನಿಂದ ಅಲ್ಲ, ಈ ಸಂದಿನಿಂದ.

ಗಾಜು: ಪಶ್ಚಿಮಕ್ಕೆ ಮುಖ ಮಾಡಿದ್ದರೆ ಎರಡು ಸಲ ಯೋಚಿಸಿ

ನಮ್ಮ ಕಟ್ಟಡದ ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೆ ನೇರ ಮುಖಕ್ಕೇ ಬಿಸಿಲು. ಪೂರ್ತಿ ಗಾಜಿನ ಚಿತ್ರ ನೋಡಿ ಟ್ಯೂಶನ್ ಸೆಂಟರ್‌ನ ಮೇಷ್ಟ್ರು ಒಂದೇ ಮಾತು ಕೇಳಿದರು: "ಎಸಿ ಬಿಲ್ ಯಾರು ಕಟ್ಟೋದು ಸಾರ್?" ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಗಾಜಿನ ಅಂಗಡಿಯವರು ನೀಲಿ, ಹಸಿರು, ಕನ್ನಡಿ ಅಂತ ಬಣ್ಣ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಎಸ್‌ಎಚ್‌ಜಿಸಿ ಎಷ್ಟು ಅಂತ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವ ಅಂಕಿ ಅದು. ಸಾದಾ ಗಾಜಿಗೆ ಸುಮಾರು 0.8. ಅಂದರೆ ಹತ್ತರಲ್ಲಿ ಎಂಟು ಪಾಲು ಒಳಗೆ. ಕೇಂದ್ರದ 2017ರ ಇಂಧನ ಉಳಿತಾಯ ಸಂಹಿತೆ, ಅಂದರೆ ಇಸಿಬಿಸಿ, ನಮ್ಮಂಥ ಊರುಗಳಲ್ಲಿ ಉತ್ತರ ಬಿಟ್ಟು ಉಳಿದ ದಿಕ್ಕಿನ ಗಾಜಿಗೆ ಇದು 0.27 ಮೀರಬಾರದು ಅನ್ನುತ್ತದೆ. ಗೋಡೆಯಲ್ಲಿ ಗಾಜಿನ ಪಾಲು ಶೇ. 40 ದಾಟಬಾರದು ಅಂತಲೂ ಇದೆ. ಆ ಸಂಹಿತೆ ಅನ್ವಯವಾಗುವುದು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕದ ಕಟ್ಟಡಗಳಿಗೆ. ನಮ್ಮಂಥ ಸಣ್ಣವರಿಗೆ ಕಡ್ಡಾಯವಲ್ಲ. ಆದರೆ ಆ ಅಂಕಿಯನ್ನು ಎರವಲು ತಂದುಕೊಳ್ಳಲು ಯಾರ ಅಪ್ಪಣೆ ಬೇಕು?

"ಸಜ್ಜ ಹಾಕಿದ್ರೆ ಆಯ್ತಲ್ಲ" ಅಂದರು ಒಬ್ಬರು. ದಕ್ಷಿಣದ ಗೋಡೆಗೆ ಆ ಮಾತು ಸರಿ. ಉತ್ತರಕ್ಕೂ ಪರವಾಗಿಲ್ಲ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಪಶ್ಚಿಮದ ಕಥೆ ಬೇರೆ. ಮಾರ್ಚ್ ತಿಂಗಳಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡು ಅಡಿ ಸಜ್ಜ ಆಗ ಕೊಡುವ ನೆರಳು ಒಂದು ಅಡಿ ಚಿಲ್ಲರೆ. ಐದಡಿ ಕಿಟಕಿಯಲ್ಲಿ ಉಳಿದ ನಾಲ್ಕಡಿ ಬಿಸಿಲಿಗೇ. ಪಶ್ಚಿಮಕ್ಕೆ ಬೇಕಾದ್ದು ಓರೆಯಾಗಿ ನಿಲ್ಲಿಸಿದ ಉದ್ದ ಪಟ್ಟಿಗಳು ಅಥವಾ ಜಾಲಿ.

ಬೆಂಕಿಯ ಮಾತು ಗಾಜಿಗೂ ಇದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ತೀರಿಕೊಂಡರು. ಹೊಗೆ ತಾಳಲಾರದೆ ಗಾಜು ಒಡೆದು ಕೆಳಗೆ ಹಾರಿದವರಿದ್ದರು. ಪೂರ್ತಿ ಮುಚ್ಚಿದ ಗಾಜಿನ ಗೋಡೆಯಲ್ಲಿ ಹೊಗೆಗೆ ದಾರಿ ಇಲ್ಲ, ಏಣಿ ಹಾಕಿದವರಿಗೂ ದಾರಿ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೇ ಗಾಜಿನ ಮುಂಭಾಗದಲ್ಲಿ ತೆರೆಯಬಹುದಾದ ಫಲಕಗಳು ಬೇಕು ಅನ್ನುತ್ತದೆ. ಪ್ರತಿ ಮಹಡಿಯಲ್ಲಿ, ಹತ್ತು ಮೀಟರ್‌ಗೆ ಒಂದರಂತೆ, ಕನಿಷ್ಠ ಒಂದು ಮೀಟರ್ ಅಗಲ ಒಂದು ಮೀಟರ್ ಎತ್ತರದ್ದು. ನಮಗೆ ಬಂದ ಗಾಜಿನ ಕೊಟೇಶನ್‌ನಲ್ಲಿ ತೆರೆಯುವ ಫಲಕ ಒಂದೂ ಇರಲಿಲ್ಲ. ಕೇಳಿದ್ದಕ್ಕೆ "ನೀಟಾಗಿ ಕಾಣಲ್ಲ ಸಾರ್" ಅಂತ ಉತ್ತರ.

ಗಾಜು ಹಾಕುವುದೇ ಆದರೆ ಟಫನ್ ಮಾಡಿದ್ದು (ಕಾಯಿಸಿ ಗಟ್ಟಿ ಮಾಡಿದ್ದು) ಹೀಟ್ ಸೋಕ್ ಆಗಿದೆಯಾ, ಅಂದರೆ ಕಾರ್ಖಾನೆಯಲ್ಲೇ ಮತ್ತೆ ಕಾಯಿಸಿ ಪರೀಕ್ಷೆ ಮಾಡಿದ್ದಾರಾ ಕೇಳಿ. ಇಲ್ಲದಿದ್ದರೆ ಗಾಜಿನೊಳಗಿನ ಕಣ್ಣಿಗೆ ಕಾಣದ ನಿಕಲ್ ಸಲ್ಫೈಡ್ ಕಣ ಯಾವತ್ತೋ ಒಂದು ದಿನ ಯಾರೂ ಮುಟ್ಟದೆ ಒಡೆಸಿಬಿಡಬಹುದು. ಫುಟ್‌ಪಾತ್ ಮೇಲಿರುವ ಗಾಜು ಲ್ಯಾಮಿನೇಟೆಡ್ ಇರಲಿ, ಒಡೆದರೂ ನಡುವಿನ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ. ಇನ್ನು ತೊಳೆಯುವ ಖರ್ಚು. ನಮ್ಮ ರಸ್ತೆಯ ಧೂಳಿಗೆ ಗಾಜು ವಾರದಲ್ಲೇ ಮಂಕಾಗುತ್ತದೆ. ಶೋರೂಮ್‌ಗೆ, ಉತ್ತರ ಮುಖದ ಕಟ್ಟಡಕ್ಕೆ ಗಾಜು ಚೆನ್ನ. ನಮಗಲ್ಲ.

ಕಲ್ಲು ಮತ್ತು ಟೈಲ್ಸ್

ಕಲ್ಲಿಗೆ ನನ್ನ ಮನಸ್ಸು ಯಾವತ್ತೂ ವಾಲುತ್ತದೆ, ಮುಚ್ಚಿಡುವುದೇನಿದೆ. 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಬಣ್ಣ ಹೊಡೆಸುವ ಮಾತೇ ಬಂದಿಲ್ಲ. ಸಾದರಹಳ್ಳಿಯ ಬೂದು ಕಲ್ಲು, ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಇಷ್ಟೆಲ್ಲ ಪಕ್ಕದಲ್ಲೇ ಇಟ್ಟುಕೊಂಡು ನಾವು ಪ್ಲಾಸ್ಟಿಕ್ ತುಂಬಿದ ಶೀಟಿಗೆ ಸಾಲು ನಿಲ್ಲುತ್ತೇವೆ.

ಆದರೆ ಎತ್ತರದಲ್ಲಿ ಕಲ್ಲನ್ನು ಸಿಮೆಂಟ್ ಹಚ್ಚಿ ಅಂಟಿಸುವುದೆಂದರೆ ತಲೆ ಮೇಲೆ ಕಲ್ಲು ಎಳೆದುಕೊಂಡಂತೆ. ಮಾತಿಗೆ ಹೇಳಿದ್ದಲ್ಲ, ನಿಜಕ್ಕೂ. ಹಿಂದೆ ನೀರು ಸೇರಿ ಮೊದಲು ಬಿಳಿ ಉಪ್ಪು ಏಳುತ್ತದೆ, ಆಮೇಲೆ ಹಿಡಿತ ಬಿಡುತ್ತದೆ. ಹತ್ತಡಿಯ ಮೇಲೆ ಸ್ಟೀಲ್ ಕ್ಲಾಂಪ್ ಮತ್ತು ಪಿನ್ ಹಾಕಿ ಕೂರಿಸುವ ಡ್ರೈ ಕ್ಲ್ಯಾಡಿಂಗ್ ಒಂದೇ ದಾರಿ. ಅದು ಎಸಿಪಿಗಿಂತ ದುಬಾರಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕ್ಲಾಂಪ್ 304 ದರ್ಜೆಯ ಸ್ಟೀಲಾ 316 ದರ್ಜೆಯ ಸ್ಟೀಲಾ ಅಂತ ಕೇಳಲೇಬೇಕು. ಸಮುದ್ರದ ಉಪ್ಪುಗಾಳಿಗೆ 316 ಬೇಕು.

ಎಲಿವೇಶನ್ ಟೈಲ್ಸ್ ಬಗ್ಗೆಯೂ ಇದೇ ಮಾತು, ಇನ್ನೂ ಜೋರಾಗಿ. ಅಗ್ಗ ಅಂತ ಮೂರನೇ ಮಹಡಿವರೆಗೂ ಸಿಮೆಂಟ್ ನೀರಿನಲ್ಲಿ ಅಂಟಿಸಿದ ಟೈಲ್ಸ್ ಕೆಲವು ವರ್ಷಕ್ಕೆ ಒಂದೊಂದೇ ಬೀಳುತ್ತವೆ. ಕೆಳಗೆ ಜನ ಬಿಸ್ಕತ್ತು ಕೊಳ್ಳುತ್ತಾ ನಿಂತಿರುತ್ತಾರೆ. ನೆಲಮಹಡಿಯ ಪಿಲ್ಲರಿಗೆ ಮಾಡಿಸಿ, ಅದಕ್ಕಿಂತ ಮೇಲೆ ಬೇಡ.

ಬಣ್ಣವನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ

ಕೊಟೇಶನ್ ಕೊಡುವವರಿಗೆ ಬಣ್ಣದಲ್ಲಿ ಲಾಭ ಕಡಿಮೆ, ಅದಕ್ಕೇ ಅದರ ಮಾತು ಬರುವುದಿಲ್ಲ. ಆದರೆ ಇರುವ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಅಗ್ಗ ಇದು, ಗೋಡೆಯನ್ನು ಮುಚ್ಚದೆ ತೋರಿಸುವುದೂ ಇದೊಂದೇ. ಬಿರುಕು ಬಂದರೆ ಕಾಣುತ್ತದೆ, ತೇವ ಬಂದರೆ ಕಾಣುತ್ತದೆ.

ಬಣ್ಣದ ಕೆಲಸದಲ್ಲಿ ಬಣ್ಣ ಹೊಡೆಯುವುದು ಕೊನೆಯ ಪಾಲು. ಪೊಳ್ಳು ಗಾರೆ ಒಡೆದು ಹೊಸದು ಹಾಕಿ, ಪ್ರೆಶರ್ ನೀರಲ್ಲಿ ಪಾಚಿ ತೊಳೆದು, ಬಿರುಕಿಗೆ ಹಿಗ್ಗುವ ಫಿಲ್ಲರ್ ತುಂಬಿ, ಒಣಗಲು ಬಿಟ್ಟು, ಪ್ರೈಮರ್ ಹೊಡೆದು ಆಮೇಲೆ ಎರಡು ಕೋಟ್. ಹೊಸ ಗಾರೆಗೆ 28 ದಿನ ಕೊಡಿ. "ನಾಳೆನೇ ಹೊಡೀಬಹುದು" ಅಂದವರನ್ನು ನಂಬಬೇಡಿ. ಟೆಕ್ಸ್ಚರ್ ಬಣ್ಣ ಫೋಟೋದಲ್ಲಿ ಚೆಂದ, ಮುಖ್ಯರಸ್ತೆಯಲ್ಲಿ ಧೂಳು ಹಿಡಿಯುವ ಬುಟ್ಟಿ. ನಯವಾದ ಮೈ ಇದ್ದರೆ ಮಳೆಯೇ ತೊಳೆಯುತ್ತದೆ. ತಿಳಿ ಬಣ್ಣ ಇದ್ದರೆ ಗೋಡೆ ಕಾಯುವುದೂ ಕಡಿಮೆ. ರಾಯಚೂರು, ಕಲಬುರಗಿ ಕಡೆ ಕಡು ಬೂದು, ಕಪ್ಪು ಶೀಟಿನ ಕಟ್ಟಡ ನೋಡಿದರೆ ನನಗೇ ಬೆವರು ಬರುತ್ತದೆ.

ಸಮಯ ಹೇಳಬೇಕೆಂದರೆ, ದೀಪಾವಳಿ ಮುಗಿದ ಕೂಡಲೇ ಶುರು ಮಾಡುವವರು ಜಾಸ್ತಿ. ನವೆಂಬರ್‌ನಲ್ಲಿ ಚಂಡಮಾರುತದ ಮಳೆ ಬಂದು ಕೆಡಿಸುತ್ತದೆ. ಡಿಸೆಂಬರ್ ಮಧ್ಯದಿಂದ ಯುಗಾದಿವರೆಗೆ ಒಳ್ಳೆಯ ಕಾಲ. ಕರಾವಳಿ, ಮಲೆನಾಡಿನಲ್ಲಿ ಅದು ಬಿಟ್ಟರೆ ಬೇರೆ ಕಾಲವೇ ಇಲ್ಲ ಅನ್ನಿ.

ಇದರ ದೋಷವೂ ಹೇಳಿಬಿಡುತ್ತೇನೆ. ಬಣ್ಣದಿಂದ ಕಟ್ಟಡದ ಆಕಾರ ಬದಲಾಗದು. ಐದಾರು ವರ್ಷಕ್ಕೆ ಮತ್ತೆ ಸಾರುವೆ ಕಟ್ಟಬೇಕು. ಹೊಸ ಬಾಡಿಗೆದಾರರು ಬ್ಯಾಂಕ್, ದೊಡ್ಡ ಬ್ರ್ಯಾಂಡ್ ಅಂತಾದರೆ ಬರೀ ಬಣ್ಣಕ್ಕೆ ಒಪ್ಪದೆಯೂ ಇರಬಹುದು.

ಬೋರ್ಡು, ತಂತಿ, ಎಸಿ ಪೆಟ್ಟಿಗೆ

ಎಷ್ಟೇ ಚೆಂದ ಎಲಿವೇಶನ್ ಮಾಡಿಸಿ, ಆರು ತಿಂಗಳಲ್ಲಿ ಅದರ ಅಂದ ಕೆಡಿಸುವುದು ಬೋರ್ಡುಗಳು. ಒಬ್ಬರದ್ದು ದೊಡ್ಡದು, ಇನ್ನೊಬ್ಬರದ್ದು ಅದಕ್ಕಿಂತ ದೊಡ್ಡದು. ಶೀಟಿಗೇ ಸ್ಕ್ರೂ ಹೊಡೆದು ನೇತುಹಾಕುತ್ತಾರೆ, ಆ ತೂತಿನಿಂದ ನೀರು ಒಳಗೆ. ಪ್ರತಿ ಮಹಡಿಗೆ ಬೋರ್ಡಿಗೆಂದೇ ಒಂದು ಪಟ್ಟಿ ಬಿಡಿ, ಅದರ ಹಿಂದೆ ಗಟ್ಟಿ ಫ್ರೇಮ್ ಮತ್ತು ವೈರಿನ ಪೈಪ್ ಮೊದಲೇ ಇರಲಿ. ಅಳತೆಯನ್ನು ಬಾಡಿಗೆ ಕರಾರಿನಲ್ಲಿ ಬರೆಸಿ. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಮೇಲೆ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಪಟ್ಟಿಯ ಎತ್ತರ ತೀರಾ ಕಡಿಮೆ ಇಟ್ಟರೆ ಎರಡು ಸಾಲು ಕೂರಿಸಲು ಒದ್ದಾಡುತ್ತಾರೆ. ನಾವು ಮೂರಡಿ ಬಿಟ್ಟೆವು, ಸರಿಹೋಯಿತು.

ತ್ರೀಡಿ ಚಿತ್ರದಲ್ಲಿ ಇಲ್ಲದ ಆ ಕರೆಂಟ್ ತಂತಿ ನೆನಪಿದೆಯಲ್ವಾ? 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಡ್ಡ ಕನಿಷ್ಠ 1.2 ಮೀಟರ್ ದೂರ ಬೇಕು ಅನ್ನುತ್ತದೆ ನಿಯಮ. ಎಸಿಪಿ, ಕಲ್ಲಿನ ಫ್ರೇಮ್ ಗೋಡೆಯಿಂದ ನಾಲ್ಕೈದು ಇಂಚು ಹೊರಗೆ ಬರುತ್ತದೆ. ಅಳೆದು ನೋಡಿ. ಕಬ್ಬಿಣದ ಸಾರುವೆ ಕಟ್ಟುವ ದಿನ ಬೆಸ್ಕಾಂನವರಿಗೆ ಬರೆದುಕೊಟ್ಟು ಲೈನ್ ಆಫ್ ಮಾಡಿಸಿಯೇ ಕೆಲಸಕ್ಕೆ ಬಿಡಿ. ಹಳೇ ಕಟ್ಟಡ ರಸ್ತೆಯಂಚಿಗೇ ಇದ್ದರೆ ಆ ನಾಲ್ಕೈದು ಇಂಚು ಫುಟ್‌ಪಾತಿನ ಲೆಕ್ಕಕ್ಕೆ ಹೋಗುತ್ತದೆ. ಪಾಲಿಕೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು.

ಎಸಿಯ ಹೊರಗಿನ ಪೆಟ್ಟಿಗೆಗಳನ್ನು ಶೀಟಿನ ಹಿಂದೆ ಬಚ್ಚಿಡುವುದು ಈಗಿನ ಹುಚ್ಚು. ಬಿಸಿಗಾಳಿ ಹೊರಗೆ ಹೋಗದೆ ಅಲ್ಲೇ ಸುತ್ತುತ್ತದೆ, ಎಸಿ ಒದ್ದಾಡುತ್ತದೆ. ಗಾಳಿಯಾಡುವ ಜಾಲಿ ಹಾಕಿ, ಮೆಕ್ಯಾನಿಕ್ ಕೈ ಹೋಗುವಷ್ಟು ಬಾಗಿಲು ಬಿಡಿ.

ಕೊನೆಗೆ ನಾವು ಮಾಡಿಸಿದ್ದು

ಮೂರೂ ಕೊಟೇಶನ್ ಪಕ್ಕಕ್ಕಿಟ್ಟು, ನಾಲ್ಕನೆಯದನ್ನು ನಾವೇ ಹೇಳಿ ಬರೆಸಿದೆವು. ಗಾರೆ ರಿಪೇರಿ ಮತ್ತು ಸೋರಿಕೆ ಮೊದಲು. ಪಕ್ಕದ, ಹಿಂದಿನ ಗೋಡೆಗಳಿಗೆ ಬರೀ ಬಣ್ಣ. ಅದನ್ನು ನೋಡುವವರು ಯಾರು? ಮುಂಭಾಗದಲ್ಲಿ ನೆಲಮಹಡಿಯ ಪಿಲ್ಲರ್‌ಗಳಿಗೆ ಸಾದರಹಳ್ಳಿ ಕಲ್ಲು, ಆಳಿನ ಎತ್ತರಕ್ಕೆ ಮಾತ್ರ. ಬೈಕ್ ಒರಗಿಸಿದರೂ, ಎಲೆಅಡಿಕೆ ಉಗಿದರೂ ತೊಳೆದರೆ ಹೋಗುವಂತೆ. ಬೋರ್ಡಿನ ಪಟ್ಟಿಗಳಿಗೆ ಎ2 ದರ್ಜೆಯ ಎಸಿಪಿ. ಒಂದನೇ, ಎರಡನೇ ಮಹಡಿಯ ಪಶ್ಚಿಮ ಕಿಟಕಿಗಳಿಗೆ ಓರೆಯಾದ ಅಲ್ಯೂಮಿನಿಯಂ ಪಟ್ಟಿಗಳು. ಉಳಿದ ಗೋಡೆಗೆ ತಿಳಿ ಬಣ್ಣ. ನೋಡಲು ಕಟ್ಟಡಕ್ಕೆ ಆಕಾರ ಬಂದಿರುವುದು ಶೀಟಿನಿಂದಲ್ಲ, ಆ ಓರೆ ಪಟ್ಟಿಗಳ ನೆರಳಿನಿಂದ.

ಪೂರ್ತಿ ಎಸಿಪಿಯ ಕೊಟೇಶನ್‌ಗಿಂತ ಕಡಿಮೆಗೆ ಮುಗಿಯಿತು. ಆದರೆ ತಲೆನೋವು ಜಾಸ್ತಿ. ಮೇಸ್ತ್ರಿ, ಪೇಂಟರ್, ಕಲ್ಲಿನವರು, ಫ್ಯಾಬ್ರಿಕೇಟರ್ ನಾಲ್ವರನ್ನೂ ಒಂದೇ ಸಾರುವೆ ಮೇಲೆ ಸರದಿಯಲ್ಲಿ ಹತ್ತಿಸುವುದು ಮದುವೆ ಮನೆ ಕೆಲಸಕ್ಕಿಂತ ಕಷ್ಟ. ಬೇಕರಿಯವರು ವ್ಯಾಪಾರದ ಹೊತ್ತಿನಲ್ಲಿ ಡ್ರಿಲ್ಲಿಂಗ್ ಬೇಡ ಅಂದರು, ಕ್ಲಿನಿಕ್‌ನವರು ಸಂಜೆ ಬೇಡ ಅಂದರು. ಬೆಳಿಗ್ಗೆ ಆರರಿಂದ ಒಂಬತ್ತು ಮಾತ್ರ ಡ್ರಿಲ್ಲು, ಹಾಗಾಗಿ ಒಂದು ತಿಂಗಳ ಕೆಲಸ ಎರಡಾಯಿತು.

ದುಡ್ಡಿನಲ್ಲಿ ಎರಡು ವಿಷಯ ಗಟ್ಟಿಯಾಗಿ ಹಿಡಿದುಕೊಂಡೆವು. ಚದರ ಅಡಿ ದರದೊಳಗೆ ಸಾರುವೆ, ಫ್ರೇಮ್, ಸಿಲಿಕೋನ್, 18 ಪರ್ಸೆಂಟ್ ಜಿಎಸ್‌ಟಿ ಎಲ್ಲ ಸೇರಿದೆಯಾ ಅಂತ ಬರೆಸಿಕೊಂಡೆವು, ಏಕೆಂದರೆ ಅಗ್ಗದ ಕೊಟೇಶನ್ ಅಗ್ಗ ಕಾಣುವುದು ಇವುಗಳನ್ನು ಬಿಟ್ಟಿರುವುದರಿಂದ. ಹತ್ತು ಪರ್ಸೆಂಟ್ ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ಕೊಡಲಿಲ್ಲ. ಫ್ಯಾಬ್ರಿಕೇಟರ್ ಮೊದಲು ಮುಖ ಗಂಟು ಹಾಕಿಕೊಂಡ. ಆಗಸ್ಟ್‌ನಲ್ಲಿ ಒಂದು ಸಂದು ಜಿನುಗಿತು, ಫೋನ್ ಮಾಡಿದ ಮರುದಿನವೇ ಬಂದು ಸರಿ ಮಾಡಿಕೊಟ್ಟ. ಆ ಹತ್ತು ಪರ್ಸೆಂಟ್ ಇಲ್ಲದಿದ್ದರೆ ಫೋನ್ ಎತ್ತುತ್ತಿದ್ದನಾ, ಹೇಳಿ.

ಕೊನೆಯ ಮಹಡಿಗೆ ಒಬ್ಬ ಆಡಿಟರ್ ಬಂದಿದ್ದಾರೆ. ಎಲಿವೇಶನ್ ನೋಡಿ ಬಂದರೋ, ಬಾಡಿಗೆ ಕಡಿಮೆ ಅಂತ ಬಂದರೋ ಗೊತ್ತಿಲ್ಲ, ಚಿಕ್ಕಪ್ಪ ಮಾತ್ರ ಎಲಿವೇಶನ್ ಅಂತಲೇ ಎಲ್ಲರಿಗೂ ಹೇಳುತ್ತಾರೆ. ಅದೇ ಬ್ಯಾಚಿನ ಎರಡು ಎಸಿಪಿ ಶೀಟು ಜಾಸ್ತಿ ತರಿಸಿ ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಮುಂದೆ ಯಾವಾಗಲೋ ಒಂದು ನಜ್ಜಾದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ಗುಜರಿಯವನು ಎರಡು ಸಲ ಕೇಳಿ ಹೋದ ಮೇಲೆ ಚಿಕ್ಕಪ್ಪ ಅದರ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದಾರೆ: "ಮಾರೋದಕ್ಕಲ್ಲ".